ನಿಂತೇ ಮೀಯುವ ಆನೆ

ಹುಣಸೆಹಣ್ಣು ಕೈಗೆ ಸಿಕ್ಕರೆ ನಾನು ಸುಮ್ಮನಿರುವವಳಲ್ಲ. ಸಾರಿಗೆ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯನ್ನು ಎಸೆಯಲು ಮನಸ್ಸೇ ಬಾರದು. ತಾಮ್ರದ್ದೋ ಹಿತ್ತಾಳೆಯದೋ ಏನಾದರೂ ಇದೆಯೇ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ತಂಬಿಗೆ ಕಂಡರೆ ತಂಬಿಗೆ, ಆರತಿ ತಟ್ಟೆ ಕಂಡರೆ ಆರತಿ ತಟ್ಟೆ, ಏನೂ ಇಲ್ಲದಿದ್ದರೆ ಬಾಗಿಲ ಚಿಲಕ. ಒಮ್ಮೆ ಪಂಪ್‌ಸೆಟ್ಟಿಗೆಂದು ತಂದಿಟ್ಟಿದ್ದ ತಾಮ್ರದ ತಂತಿಯನ್ನೂ ಉಜ್ಜಿ ಒಣಗಿಸಿದ್ದೆ. ನಮ್ಮನೆಯವರು ನೋಡಿ, "ಇನ್ನೇನು, ಇದಕ್ಕೂ ಒಂದ್ ಮೊಳ ಹೂವ ಮುಡ್ಸಿಬುಡು" ಎಂದು ತೋಟಕ್ಕೆ ಹೋದರು.

ನೊಣವಿನಕೆರೆಯ ನಮ್ಮ ಮನೆಯಲ್ಲಿ ಸೋಮವಾರದ ಬೆಳಗು ಉಜ್ಜುವುದರಿಂದಲೇ ಶುರು. ಪೂಜೆಗೆ ಕೂರುವ ಮುನ್ನ ತಾಮ್ರವೆಲ್ಲ ಹುಳಿ ಕುಡಿದು, ಮೈತುಂಬ ಪುಡಿ ಬಳಿದುಕೊಂಡು, ಹಿತ್ತಲಿನ ಬಿಸಿಲಿನಲ್ಲಿ ಈಗಷ್ಟೇ ಅರಿಸಿನ ತೊಳೆದ ಕೆನ್ನೆಯ ಹಾಗೆ ಹೊಳೆಯಬೇಕು. ಮಂಕಾದ ತಾಮ್ರವನ್ನು ಸ್ವಾಮಿಯ ಮುಂದಿಡಲು ನನಗೆ ನಾಚಿಕೆ. ಅಂಥವಳಿಗೆ ತಿಪಟೂರಿನ ಹಲ್ಲಿನ ಡಾಕ್ಟರೊಬ್ಬರು, ಹಳೆಯ ತಾಮ್ರದ ಕಾಸನ್ನು ಉಜ್ಜಲೇಬಾರದು, ಉಜ್ಜಿದರೆ ಅದರ ಮರ್ಯಾದೆ ಹೋಗುತ್ತದೆ ಎಂದು ಹೇಳಿದಾಗ, ನಾನು ಬಾಯಿ ತೆರೆದಿದ್ದದ್ದು ಹಲ್ಲು ತೋರಿಸಲೋ ಆಶ್ಚರ್ಯಕ್ಕೋ ನನಗೇ ತಿಳಿಯಲಿಲ್ಲ.

ಹಲ್ಲಿನ ಡಾಕ್ಟರಿಗೂ ಹಳೆಯ ಕಾಸಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳುತ್ತೀರಿ. ಅದನ್ನು ಹೇಳಲು ಮೊದಲು ನಮ್ಮ ಆನೆಕಾಸಿನ ಪರಿಚಯ ಮಾಡಿಸಬೇಕು.

ಅದು ನಮ್ಮ ಗೌರಿ ಹಬ್ಬದ ಕಳಸಕ್ಕೆ ಹಾಕುವ ಕಾಸು. ಕಳಸದ ಚೊಂಬಿಗೆ ನೀರು ತುಂಬಿ, ಮೊದಲು ಈ ಕಾಸು ಬಿಟ್ಟು, ಆಮೇಲೆ ವೀಳ್ಯದೆಲೆ, ಆಮೇಲೆ ತೆಂಗಿನಕಾಯಿ. ಈ ಸೀಮೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲ, ಆದರೆ ಆ ಕಾಸು ಒಂದೇ. ಈಗಿನ ರೂಪಾಯಿಗಿಂತ ದಪ್ಪ, ಪೂರ್ತಿ ಗುಂಡಗೂ ಇಲ್ಲ. ಮುಖದ ಮೇಲೊಂದು ಆನೆ, ಆನೆಯ ನೆತ್ತಿಯ ಮೇಲೆ ಸೂರ್ಯ ಚಂದ್ರ, ಅವೆರಡರ ನಡುವೆ ಒಂದು 'ಶ್ರೀ'. ಮೈಸೂರು ಅರಸರ ಕಾಲದ್ದು ಎಂದು ಮನೆಯಲ್ಲಿ ಹೇಳಿಕೊಂಡು ಬಂದ ಮಾತು. ಯಾವ ಅರಸರು ಎಂದು ಯಾರೂ ಕೇಳಿದವರಲ್ಲ. ಕಳಸಕ್ಕೆ ಹಾಕುವುದಕ್ಕೆ ಅಷ್ಟು ಸಾಕಾಗಿತ್ತು.

ಇದನ್ನು ತೊಳೆಯುವುದಕ್ಕೆ ನಮ್ಮತ್ತೆ ಎರಡು ಕಟ್ಟಳೆ ಮಾಡಿದ್ದರು. ಮೊದಲನೆಯದು, ಆನೆ ನಿಂತೇ ಮೀಯಬೇಕು. ಎಂದರೆ ಕಾಸನ್ನು ಹಿಡಿದಾಗ ಆನೆಯ ಕಾಲು ಕೆಳಗೆ, ಬೆನ್ನು ಮೇಲೆ ಇರಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಾಸನ್ನು ಅಡ್ಡಡ್ಡ ಹಿಡಿದು ತಿಕ್ಕಲು ಹೋದೆ. "ಲಕ್ಷ್ಮಿ ಆನೆ ಕಣವ್ವ ಅದು, ಅದ್ನೇನು ಎಮ್ಮೆ ಥರ ಮಲಗಿಸಿ ಮೈ ತೊಳಿತೀಯ" ಎಂದು ಕೈಯಿಂದ ಕಿತ್ತುಕೊಂಡು ನೆಟ್ಟಗೆ ಮಾಡಿ ಕೊಟ್ಟರು. ಎರಡನೆಯದು, ಕಾಸಿನ ಬೆನ್ನು ಮುಟ್ಟಕೂಡದು. "ಅದು ದೇವರು ಕೂತಿರೋ ಜಾಗ" ಎನ್ನುತ್ತಿದ್ದರು. ವರ್ಷವೆಲ್ಲ ಆ ಕಾಸು ದೇವರ ಪೆಟ್ಟಿಗೆಯಲ್ಲಿ ವಿಭೂತಿ ಗಂಧದ ಮೇಲೆ ಬೆನ್ನು ಕೆಳಗಾಗಿ ಕೂತಿರುತ್ತಿತ್ತು. ಹಾಗಾಗಿ ನಾನು ಕಂಡ ಕಾಸಿಗೆ ಒಂದು ಕಡೆ ಹೊಳೆಯುವ ಆನೆ, ಇನ್ನೊಂದು ಕಡೆ ಹಳೇ ಬೆಲ್ಲದಂಥ ಕಪ್ಪು ನುಣುಪು. ಹಿಂದುಗಡೆ ಏನೂ ಇಲ್ಲ, ಬೋಳು ಎಂದೇ ನಾನು ತಿಳಿದಿದ್ದೆ.

ಅತ್ತೆಯ ಬಗ್ಗೆ ಇನ್ನೊಂದು ಮಾತು. ಅವರಿಗೆ ಎಡಗೈ ಮುಂದು. ಅವರ ಕಾಲಕ್ಕೆ ಅದು ಸೊಸೆಯಾದವಳಿಗೆ ಇರಬಾರದ ಗುಣ. ಎಡಗೈಯಲ್ಲಿ ಬಡಿಸಬಾರದು, ಹೂವು ಇಡಬಾರದು, ಆರತಿ ಎತ್ತಬಾರದು. ಬೈಸಿಕೊಂಡು ಬೈಸಿಕೊಂಡು ಅವೆಲ್ಲವನ್ನೂ ಬಲಗೈಯಲ್ಲಿ ಮಾಡಲು ಕಲಿತರು. ಪಾತ್ರೆ ಉಜ್ಜುವುದನ್ನು ಮಾತ್ರ ಯಾರೂ ಬೈಯಲಿಲ್ಲ. ಮುಸುರೆಗೆ ಯಾವ ಕೈಯಾದರೇನು. ಬಚ್ಚಲ ಕಲ್ಲಿನ ಮುಂದೆ ಕೂತಾಗ ಅವರ ಎಡಗೈ ಬಿಟ್ಟ ಕರುವಿನ ಹಾಗೆ ಓಡಾಡುತ್ತಿತ್ತು. ಒಮ್ಮೆ ಯಾರೋ ನೆಂಟರು ಇದನ್ನೂ ಆಡಿಕೊಂಡಾಗ ಅತ್ತೆ ತಲೆ ಎತ್ತದೆ ಹೇಳಿದ್ದರು: "ಸ್ವಾಮಿನ ಕೂರಿಸ್ಕೊಳೋದೇ ಈ ಅಂಗೈ ಮ್ಯಾಗೆ. ತಿಕ್ಕಿದ್ರೆ ಮೈಲಿಗೆಯೇನು." ಮಾತು ನಿಜ. ನಮ್ಮವರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೇ ಪೂಜೆ ಮಾಡುವುದು. ಅದು ಗೊತ್ತಿದ್ದೂ ಎಡಗೈಯನ್ನು ಬೈಯುತ್ತೇವೆ.

ಅತ್ತೆ ಇರುವಾಗಲೇ ಅಣ್ಣತಮ್ಮಂದಿರ ಭಾಗವಾಯಿತು. ನಮಗೆ ಇಲ್ಲಿಯ ತೋಟ, ಮೈದುನನಿಗೆ ಬಿಳಿಗೆರೆಯ ತೋಟ. ಮರ ಹಂಚಿಕೊಂಡರು, ಅಟ್ಟದ ಕಾಯಿ ಹಂಚಿಕೊಂಡರು, ಕೊಳಗ ಪಾತ್ರೆ ಹಂಚಿಕೊಂಡರು. ಕಾಸನ್ನು ಹಂಚುವುದು ಹೇಗೆ? ಅತ್ತೆ ತೀರ್ಮಾನ ಕೊಟ್ಟರು: ಒಂದು ವರ್ಷ ದೊಡ್ಡವಳ ಮನೆ, ಒಂದು ವರ್ಷ ಚಿಕ್ಕವಳ ಮನೆ. ಭೀಮನ ಅಮಾವಾಸ್ಯೆಯ ದಿನ ಕೈ ಬದಲಾಗಬೇಕು. ಗೌರಿ ಹಬ್ಬಕ್ಕೆ ಕಾಸು ಇರುವ ಮನೆಗೆ ಎಲ್ಲರೂ ಬಂದು ಉಣ್ಣಬೇಕು. ಅತ್ತೆ ಹೋದ ಮೇಲೂ ನಾನೂ ನನ್ನ ವಾರಗಿತ್ತಿ ಮಂಗಳನೂ ಅದನ್ನು ತಪ್ಪಿಸಿಲ್ಲ. ಎರಡು ಮನೆ ಮಾತು ಬಿಡದೆ ಉಳಿದಿರುವುದಕ್ಕೆ ಅರ್ಧ ಪುಣ್ಯ ಆ ಆನೆಯದು. ಇದನ್ನು ನಾನು ಸ್ವಾಮಿಯ ಸಣ್ಣ ಕರುಣೆಗಳ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ. ದೊಡ್ಡ ಕರುಣೆ ಕೇಳಲು ನನಗೆ ಸಂಕೋಚ. ಬಸ್ಸಿನಲ್ಲಿ ಸೀಟು, ಹಾಲು ಒಡೆಯದಿರುವುದು, ವಾರಗಿತ್ತಿಯ ಜೊತೆ ಮಾತು, ಇಷ್ಟಾದರೆ ನನ್ನ ದಿನ ತುಂಬುತ್ತದೆ.

ಈ ಸಲದ ಭೀಮನ ಅಮಾವಾಸ್ಯೆಗೆ ಮಂಗಳ ಕಾಸನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟಳು. ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟೆ. ಶ್ರಾವಣದ ಮೊದಲ ಸೋಮವಾರ ತೊಳೆಯಲೆಂದು ಬಿಚ್ಚಿದೆ. ನೀರಿನ ಕೈ, ಕಾಸು ಜಾರಿ ಬಚ್ಚಲ ಕಲ್ಲಿನ ಮೇಲೆ ಮಗುಚಿ ಬಿತ್ತು.

ಹಿಂದೆ ಅಕ್ಷರಗಳಿದ್ದವು.

ಕಪ್ಪು ಬೆಲ್ಲವಿಲ್ಲ, ನುಣುಪಿಲ್ಲ. ಕೆಂಪಗೆ ಹೊಳೆಯುವ ತಾಮ್ರದ ಮೇಲೆ ಕನ್ನಡದ ಅಕ್ಷರ, ಅದರ ಜೊತೆಗೆ ಇಂಗ್ಲಿಷಿನದೂ ಒಂದಿಷ್ಟು. ನಾನು ಇಷ್ಟು ವರ್ಷ ಕಳಸಕ್ಕೆ ಬಿಟ್ಟ ಕಾಸಿನ ಬೆನ್ನಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. ಇದು ನಮ್ಮ ಕಾಸಲ್ಲ.

ಮುಂದಕ್ಕೆ ತಿರುಗಿಸಿ ಆನೆಯನ್ನು ನೋಡಿದೆ. ಇದೇ ಆನೆಯೇ? ಸೊಂಡಿಲು ಹೀಗೇ ಇತ್ತೇ? ಬಾಲ ಇಷ್ಟು ಸವೆದಿತ್ತೇ? ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಗೊತ್ತಾಗಲಿಲ್ಲ. ವಾರವಾರವೂ ಮೈ ತೊಳೆದಿದ್ದೇನೆ, ಮುಖ ನೋಡಿಲ್ಲ. ದಿನಾ ಕಾಣುವುದನ್ನು ನಾವು ನೋಡುವುದೇ ಇಲ್ಲ. ನಮ್ಮನೆಯವರ ಮೀಸೆಯ ಯಾವ ಕಡೆ ಮೊದಲು ಬೆಳ್ಳಗಾಯಿತು ಎಂದರೆ ನಾನು ಹೇಳಲಾರೆ.

ಕೆಟ್ಟ ಯೋಚನೆಗೆ ಬಾಗಿಲು ತೆರೆದು ಕರೆಯಬೇಕಿಲ್ಲ, ಅದು ಸಂದಿಯಲ್ಲೇ ಬರುತ್ತದೆ. ಹೋದ ವರ್ಷ ಕಾಸು ತೆಗೆದುಕೊಂಡು ಹೋಗುವಾಗ ಮಂಗಳ ಒಂದು ಮಾತು ಆಡಿದ್ದಳು. "ಅಕ್ಕ, ಇಂಥ ಕಾಸಿಗೆ ಈಗ ಭಾರಿ ಬೆಲೆಯಂತೆ. ಫೋನ್‌ನಾಗೆ ತೋರಿಸ್ತಾರೆ." ಆಗ ಇಬ್ಬರೂ ನಕ್ಕಿದ್ದೆವು. ಈಗ ಆ ನಗು ಬೇರೆ ಥರ ಕೇಳಿಸಲು ಶುರುವಾಯಿತು. ಅಸಲಿ ಕಾಸನ್ನು ಯಾರಿಗೋ ಕೊಟ್ಟು, ಅದೇ ಥರದ್ದು ಇನ್ನೊಂದು ತಂದಳೇ? ಕೇಳಿದರೆ ಎರಡು ಮನೆಯ ಮಾತು ಅಲ್ಲಿಗೆ ನಿಲ್ಲುತ್ತದೆ. ಕೇಳದಿದ್ದರೆ ಗೌರಿ ಹಬ್ಬದ ದಿನ ಅನುಮಾನದ ಕಾಸನ್ನು ಕಳಸಕ್ಕೆ ಬಿಟ್ಟು, ಅವಳ ಎಲೆಗೆ ಕಡುಬು ಬಡಿಸಬೇಕು. ಯಾವುದಕ್ಕೂ ಕೈ ಬರುವಂತಿರಲಿಲ್ಲ.

ನಮ್ಮನೆಯವರಿಗೂ ಅನುಮಾನ ಹೇಳಲಿಲ್ಲ. ಹೇಳಿದರೆ ಆಗಲೇ ತಮ್ಮನಿಗೆ ಫೋನು ಮಾಡುತ್ತಾರೆ. "ರೀ, ಇದು ಅಸಲಿ ಹೌದೋ ಅಲ್ವೋ ನೋಡಿ" ಎಂದಷ್ಟೇ ಕೊಟ್ಟೆ. ಅವರು ಕಾಸನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರು. ಅಭ್ಯಾಸ. ನಮ್ಮ ಕಡೆ ಗಂಡಸರು ಅಟ್ಟದ ಮೇಲಿನ ಕಾಯನ್ನು ಹಾಗೆ ಅಲ್ಲಾಡಿಸಿ, ನೀರು ಇನ್ನೂ ಕುಲುಕುತ್ತಿದೆಯೋ, ಒಳಗೆ ಕೊಬ್ಬರಿ ಗಿಟುಕಾಗಿ ಬಿಟ್ಟುಕೊಂಡಿದೆಯೋ ಹೇಳಿಬಿಡುತ್ತಾರೆ. ಒಡೆದು ನೋಡುವುದೇ ಬೇಡ. ಹೊರಗಿನ ಸಿಪ್ಪೆ ನೋಡಿ ಒಳಗಿನ ಗುಣ ಹೇಳುವ ಆ ವಿದ್ಯೆಯನ್ನು ನಾನು ಇಂದಿಗೂ ಬೆರಗಿನಿಂದಲೇ ನೋಡುತ್ತೇನೆ. ಕಾಸಿನ ವಿಷಯದಲ್ಲಿ ಮಾತ್ರ ಅದು ನಡೆಯಲಿಲ್ಲ. "ನೀರಿಲ್ಲ ಕಣೇ, ಚೆನ್ನಾಗಿ ಒಣಗೈತೆ" ಎಂದು ನನ್ನ ಕೈಗೇ ವಾಪಸ್ಸು ಕೊಟ್ಟರು.

ಅಷ್ಟರಲ್ಲಿ ಸ್ವಾಮಿ ನನಗೊಂದು ಹಲ್ಲುನೋವು ಕೊಟ್ಟ. ಆಗ ಶಪಿಸಿಕೊಂಡೆ, ಈಗ ಅದನ್ನೂ ಕರುಣೆಯ ಲೆಕ್ಕದಲ್ಲೇ ಬರೆದುಕೊಂಡಿದ್ದೇನೆ. ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಡಾಕ್ಟರು ಐವತ್ತು ದಾಟಿದವರು, ಮೆತ್ತಗಿನ ಮಾತು. ನನ್ನ ಬಾಯಲ್ಲಿ ಕನ್ನಡಿ ಇಟ್ಟು, "ಅಮ್ಮ, ಹಲ್ಲು ಯಾವುದ್ರಲ್ಲಿ ಉಜ್ತೀರಿ?" ಎಂದರು. "ಇದ್ದಿಲು ಉಪ್ಪು" ಎಂದೆ. "ಪಾತ್ರೆ ಉಜ್ಜಿದ ಹಾಗೆ ಉಜ್ಜಿದ್ದೀರಿ. ಮೇಲಿನ ಹೊಳಪು ಪದರ ಒಂದು ಸಲ ಹೋದರೆ ಮತ್ತೆ ಬರಲ್ಲ" ಎಂದರು. ಕುರ್ಚಿಯಿಂದ ಇಳಿಯುವಾಗ ಅವರ ಮೇಜಿನ ಗಾಜಿನ ಕೆಳಗೆ ಸಾಲಾಗಿ ಹಳೆಯ ತಾಮ್ರದ ಕಾಸು ಕಂಡವು. ಎಲ್ಲವೂ ಕಪ್ಪು, ಕಂದು, ಹಸಿರು. ಒಂದೂ ಹೊಳೆಯುತ್ತಿರಲಿಲ್ಲ. ನನ್ನ ಕೈಗೆ ಹುಣಸೆಹಣ್ಣಿನ ನೆನಪಾಯಿತು. ನನ್ನ ನೋಟ ಅವರಿಗೆ ಅರ್ಥವಾಗಿರಬೇಕು. "ಅವನ್ನು ಉಜ್ಜಬಾರದಮ್ಮ" ಎಂದರು. ಮೊದಲೇ ಹೇಳಿದೆನಲ್ಲ, ನನ್ನ ಬಾಯಿ ತೆರೆದುಕೊಂಡದ್ದು ಆಗ.

"ನಮ್ಮನೇಲೂ ಒಂದಿದೆ, ತಂದು ತೋರಿಸಲಾ?" ಎಂದು ಕೇಳಿದೆ. ಹಲ್ಲಿಗೆ ಇನ್ನೊಂದು ಸಲ ಬರಬೇಕಿತ್ತು, ಆಗ ತನ್ನಿ ಎಂದರು.

ಎರಡನೆಯ ಸಲ ಪಕ್ಕದ ಮನೆಯ ಹೊನ್ನಮ್ಮಕ್ಕ ತಾನೂ ಬರುತ್ತೇನೆಂದು ಹೊರಟಳು. ಅವಳ ಹಲ್ಲೆಲ್ಲ ಗಟ್ಟಿ, ಆದರೆ ಅವಳ ಹತ್ತಿರವೂ ಒಂದು ಕಾಸಿತ್ತು. ಒಂದು ಕಡೆ ಹನುಮಂತ, ಇನ್ನೊಂದು ಕಡೆ ಕಂಪನಿ ಸರ್ಕಾರದ ಹೆಸರು. ಯಾವುದೋ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ, ಇದು ಮನೆಯಲ್ಲಿದ್ದರೆ ಅಕ್ಕಿ ಖರ್ಚಾಗುವುದಿಲ್ಲ ಎಂದು ಕೊಟ್ಟಿದ್ದನಂತೆ. "ಖರ್ಚೇನೋ ಆಗ್ತೈತೆ, ಹನುಮಪ್ಪ ಚೆನ್ನಾಗವನೆ ಅಂತ ಇಟ್ಕಂಡಿದೀನಿ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು.

ಡಾಕ್ಟರು ಹಲ್ಲು ನೋಡುವ ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು, ಹಲ್ಲು ನೋಡುವ ದೀಪವನ್ನೇ ಬಗ್ಗಿಸಿ, ಮೊದಲು ಹೊನ್ನಮ್ಮಕ್ಕನ ಕಾಸು ನೋಡಿದರು. ನೋಡುತ್ತ ನೋಡುತ್ತ ನಮಗೂ ತೋರಿಸಿದರು. ಅವರು ಹೇಳಿದ್ದನ್ನು ನಾನು ನನ್ನ ಅಡುಗೆಮನೆಯ ಭಾಷೆಗೆ ತಿರುಗಿಸಿಕೊಂಡು ನೆನಪಿಟ್ಟಿದ್ದೇನೆ. ಕಾಸು ಎರಡು ಥರ ಆಗುತ್ತದೆ. ಒಂದು ಇಡ್ಲಿ, ಒಂದು ರೊಟ್ಟಿ. ಕಳ್ಳ ಕಾಸು ಮಾಡುವವರು ಕಾದ ಲೋಹವನ್ನು ಅಚ್ಚಿಗೆ ಹೊಯ್ಯುತ್ತಾರೆ, ಅದು ಇಡ್ಲಿ. ಇಡ್ಲಿಯ ಮೈಮೇಲೆ ಸಣ್ಣ ಸಣ್ಣ ತೂತು, ಅಂಚಿಗೆ ಎರಡು ಅಚ್ಚು ಕೂಡಿದ ಗೆರೆ, ಅಕ್ಷರಗಳೆಲ್ಲ ನೆನೆದ ಸೋಪಿನ ಹಾಗೆ ಮೊಂಡು. ಆಗಿನ ಟಂಕಸಾಲೆಯವರು ತಾಮ್ರದ ಬಿಲ್ಲೆಯ ಮೇಲೆ ಅಚ್ಚಿಟ್ಟು ಏಟು ಹಾಕುತ್ತಿದ್ದರು, ಅದು ರೊಟ್ಟಿ. ತಟ್ಟಿದ ರೊಟ್ಟಿಯ ಅಂಚು ಸಣ್ಣಗೆ ಬಿರಿಯುವ ಹಾಗೆ ಅಸಲಿ ಕಾಸಿನ ಅಂಚೂ ಬಿರಿಯುತ್ತದೆ. ಒಂದರ ಹಾಗೆ ಇನ್ನೊಂದಿರುವುದಿಲ್ಲ. ಆನೆ ನಡುವಿಗೆ ಬೀಳಬೇಕೆಂದಿಲ್ಲ, ಒಂದು ಕಡೆಗೆ ಸರಿದಿರಬಹುದು. ಸವೆಯುವುದರಲ್ಲೂ ವ್ಯತ್ಯಾಸವಿದೆ. ನಿಜವಾಗಿ ಕೈಯಿಂದ ಕೈಗೆ ಹೋದ ಕಾಸು ಉಬ್ಬಿನಲ್ಲಿ ಸವೆದಿರುತ್ತದೆ, ಸಂದಿಯಲ್ಲಿ ಉಳಿದಿರುತ್ತದೆ. ಕಳ್ಳ ಕಾಸು ಉಬ್ಬು ತಗ್ಗು ಎನ್ನದೆ ಎಲ್ಲ ಕಡೆಯೂ ಒಂದೇ ಸಮ ಮಸುಕು.

"ಅಮ್ಮ, ನಿಮ್ಮದು ಅಚ್ಚಿಗೆ ಹೊಯ್ದದ್ದು. ಇತ್ತೀಚಿನದು" ಎಂದರು ಡಾಕ್ಟರು, ನೋವಾಗದ ಹಾಗೆ.

ಹೊನ್ನಮ್ಮಕ್ಕ ಕಾಸನ್ನು ವಾಪಸ್ಸು ತೆಗೆದುಕೊಂಡು ಕೇಳಿದಳು. "ಕಾಸು ಸುಳ್ಳಾದ್ರೆ ಹನುಮಪ್ಪ ಸುಳ್ಳಾಯ್ತಾನಾ ಡಾಕ್ಟ್ರೇ?"

"ಇಲ್ಲಮ್ಮ. ಹನುಮಪ್ಪ ನಿಜ. ಕಂಪನಿ ಸುಳ್ಳು."

"ಹಂಗಾದ್ರೆ ಸರಿ ಬುಡಿ. ಕಂಪನಿಗೆ ನಾನೇನೂ ಹೂವ ಇಡ್ತಿರಲಿಲ್ಲ" ಎಂದು ಕಾಸನ್ನು ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ನಮ್ಮ ಆನೆ. ಡಾಕ್ಟರು ಬಟ್ಟೆ ಬಿಚ್ಚಿದ್ದೇ ತಡ, ಬಾಯಲ್ಲಿ ಅಯ್ಯೋ ಎಂಬ ಸಣ್ಣ ಸದ್ದು ಬಂತು. "ಎಷ್ಟು ಉಜ್ಜಿದ್ದೀರಮ್ಮ" ಎಂದರು. ಹಳೆಯ ತಾಮ್ರದ ಮೇಲೆ ಕಾಲ ತಾನೇ ಒಂದು ಪದರ ಕಟ್ಟುತ್ತದಂತೆ. ಕಪ್ಪಗೆ, ಕಂದಗೆ, ನುಣ್ಣಗೆ. ಅದು ಕೊಳೆಯಲ್ಲ, ಹೊದಿಕೆ. ತಿಳಿಹಸಿರು ಪುಡಿ ಉದುರುವ ಕಿಲುಬು ಬೇರೆ, ಅದು ಉಪ್ಪಿನಕಾಯಿಯ ಬೂಷ್ಟಿನ ಹಾಗೆ ತಿಂದುಹಾಕುತ್ತದೆ. ಮೊದಲನೆಯದನ್ನು ಕಾಪಾಡಬೇಕು, ಎರಡನೆಯದನ್ನು ತೆಗೆಯಬೇಕು. ನನಗೆ ಥಟ್ಟನೆ ನಮ್ಮ ದೋಸೆ ಹಂಚು ಕಣ್ಣ ಮುಂದೆ ಬಂತು. ಎಣ್ಣೆ ಕುಡಿದು ಕುಡಿದು ಕಪ್ಪಾದ ಆ ಹಂಚನ್ನು ಯಾರಾದರೂ ಹುಣಸೆಹಣ್ಣು ಹಾಕಿ ಉಜ್ಜಿದರೆ ನಾನು ಮನೆಯೊಳಗೆ ಸೇರಿಸೇನೇ? ಹಂಚಿಗೆ ಕೊಟ್ಟ ಮರ್ಯಾದೆಯನ್ನು ಆನೆಗೆ ಕೊಟ್ಟಿರಲಿಲ್ಲ.

"ಕಾಸು ಅಸಲಿನಾ?" ಎಂದು ಕೇಳಿದೆ.

"ಅಸಲಿ, ಅನುಮಾನ ಇಲ್ಲ. ಅಂಚು ನೋಡಿ, ಬಿರಿದಿದೆ. ಮೈಸೂರಿನದ್ದೇ. ಹಿಂದೆ 'ಮಯಿಲಿ ಕಾಸು' ಅಂತ ಆಗಿನ ನಾಣ್ಯದ ಹೆಸರು ಕನ್ನಡದಲ್ಲಿದೆ. ಆದರೆ ಇಷ್ಟು ಉಜ್ಜಿರೋದನ್ನ ಸಂಗ್ರಹ ಮಾಡೋರು ಯಾರೂ ತಗೊಳಲ್ಲ."

ತಗೊಳ್ಳುವ ಮಾತು ನನಗೆ ಬೇಕಿರಲಿಲ್ಲ. ಅಸಲಿ ಎಂದರೂ ಸಮಾಧಾನವಾಗಲಿಲ್ಲ. ಅಸಲಿ ಆನೆಕಾಸು ಊರಲ್ಲಿ ಇನ್ನೆಷ್ಟೋ ಇರಬಹುದು. ಇದು ನಮ್ಮದೇ ಹೌದೋ? ಅದನ್ನು ಆ ಡಾಕ್ಟರಿಗೆ ಹೇಗೆ ಕೇಳುವುದು, ಅವರಾದರೂ ಹೇಗೆ ಹೇಳಿಯಾರು?

ಅವರು ಕಾಸನ್ನು ಕೆಳಗಿಡಲಿಲ್ಲ. ದೀಪವನ್ನು ಓರೆ ಮಾಡಿ, ಮತ್ತೆ ಬಗ್ಗಿ ನೋಡಿದರು. ಸೊಂಡಿಲ ಸಂದಿ, ಹೊಟ್ಟೆಯ ಕೆಳಗು, ಕಾಲುಗಳ ನಡುವೆ. ಹಾಗೆ ನೋಡುತ್ತಲೇ ಒಂದು ಮಾತು ಕೇಳಿದರು.

"ಇದನ್ನ ಉಜ್ಜುವಾಗ ಹೇಗೆ ಹಿಡಿತೀರಮ್ಮ? ಅಡ್ಡ ಹಿಡಿತೀರೋ, ನೆಟ್ಟಗೋ?"

"ನೆಟ್ಟಗೆ. ಆನೆ ನಿಂತೇ ಮೀಯಬೇಕು. ಅಡ್ಡ ಹಿಡಿಯೋ ಹಾಗೇ ಇಲ್ಲ."

"ಹಾಗಾದರೆ ಇದನ್ನ ಎರಡು ಥರದ ಕೈ ಉಜ್ಜಿವೆ. ಮೇಲಿರೋ ಗೆರೆ ಸಣ್ಣವು, ಬಲದ ಮೇಲಿಂದ ಎಡದ ಕೆಳಗೆ ಇಳಿದಿವೆ. ಪಾತ್ರೆ ಪುಡಿಯವು, ನಿಮ್ಮವು. ಅವುಗಳ ಅಡಿಯಲ್ಲಿ, ಈ ಸಂದಿಗಳಲ್ಲಿ, ಹಳೇ ಗೆರೆ ಇವೆ ನೋಡಿ. ಒರಟು. ಬೂದಿ, ತೆಂಗಿನ ನಾರು ಹಾಕಿ ತಿಕ್ಕಿರಬೇಕು. ಅವು ಎಲ್ಲಾ ತಿರುಗುಮುರುಗು, ಎಡದ ಮೇಲಿಂದ ಬಲದ ಕೆಳಗೆ. ಹಲ್ಲಲ್ಲೂ ನಾವು ಇದನ್ನೇ ನೋಡೋದು. ಯಾವ ಕಡೆ ಹೆಚ್ಚು ಸವೆದಿದೆ ಅಂತ ನೋಡಿದರೆ ಬ್ರಷ್ ಹಿಡಿದ ಕೈ ಗೊತ್ತಾಗುತ್ತೆ. ಇದನ್ನ ಮೊದಲು ಬಹಳ ಕಾಲ ಉಜ್ಜಿದವರು ಎಡಗೈಯವರು."

ನನಗಿಂತ ಮೊದಲು ಹೊನ್ನಮ್ಮಕ್ಕನೇ ಬಾಯಿ ಹಾಕಿದಳು. "ಅಯ್ಯೋ, ಇವರತ್ತೆ ಎಡಚಿ ಕಣ್ರೀ ಡಾಕ್ಟ್ರೇ. ಆಯಮ್ಮ ಮುಸುರೆ ತಿಕ್ಕೋದ ನೋಡಕ್ಕೆ ನಾವು ಬೇಲಿ ಹತ್ರ ನಿಂತ್ಕತಿದ್ವಿ. ನಿಮಗೆ ಹೆಂಗೆ ಗೊತ್ತಾಯ್ತು?"

ಡಾಕ್ಟರು ನನಗೆ ಭೂತಗನ್ನಡಿ ಕೊಟ್ಟರು. ನೋಡಿದೆ. ಬರಿಗಣ್ಣಿಗೆ ಬರೀ ಹೊಳಪಾಗಿದ್ದದ್ದು ಅಲ್ಲಿ ಉತ್ತ ಹೊಲದ ಹಾಗಿತ್ತು. ಮೇಲೆ ನನ್ನ ಸಣ್ಣ ಸಾಲು. ಅಡಿಯಲ್ಲಿ, ಆನೆಯ ಹೊಟ್ಟೆಯ ನೆರಳಿನಲ್ಲಿ, ಅವಕ್ಕೆ ಅಡ್ಡಲಾಗಿ ದಪ್ಪ ಸಾಲು. ಕಣ್ಣ ಮುಂದೆ ನಮ್ಮತ್ತೆ ನೀರು ಚೆಲ್ಲಿದ ಬಚ್ಚಲ ಕಲ್ಲಿನ ಬಳಿ ಕೂತಿದ್ದರು. ಬೆಳಗಿನ ಬಿಸಿಲು ಅವರ ಬೆನ್ನ ಮೇಲಿತ್ತು. ಅವರ ಫೋಟೋ ಒಂದು ನಮ್ಮ ನಡುಮನೆಯಲ್ಲಿದೆ, ಅದರಲ್ಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಾರೆ. ಬಡಿಸಲು, ಹೂವಿಡಲು, ಆರತಿ ಎತ್ತಲು ಎಂದೂ ಮುಂದೆ ಬಾರದ ಆ ಎಡಗೈ ಈ ಜಗತ್ತಿನಲ್ಲಿ ಎಲ್ಲಾದರೂ ಉಳಿದಿದ್ದರೆ ಈ ಆನೆಯ ಹೊಟ್ಟೆಯ ಕೆಳಗೇ. ಅರಸರ ಟಂಕಸಾಲೆ ಒಂದು ಏಟಿಗೆ ಒತ್ತಿದ ಗುರುತಿನ ಮೇಲೆ, ಒಬ್ಬ ಸೊಸೆ ಏಟಿಲ್ಲದೆ, ಸದ್ದಿಲ್ಲದೆ, ತನ್ನದೊಂದು ಗುರುತು ಒತ್ತಿದ್ದಳು. ಆ ಕುರ್ಚಿಯಲ್ಲಿ ಕೂತವರೆಲ್ಲ ಹಲ್ಲುನೋವಿಗೆ ಅಳುತ್ತಾರೆ. ನಾನೂ ಹಲ್ಲುನೋವೆಂದೇ ಸೆರಗು ಹಿಡಿದೆ.

ಹಿಂದುಗಡೆಯ ಅಕ್ಷರದ ವಿಷಯವನ್ನೂ ಕೇಳಿದೆ. ಅಕ್ಷರ ಮೊದಲಿಂದಲೂ ಇತ್ತಂತೆ. ಸಂದಿಗಳಲ್ಲಿ ಇನ್ನೂ ಬೂದುಬಣ್ಣದ ಚೂರು ಉಳಿದಿತ್ತು. ಡಾಕ್ಟರು ಹಲ್ಲಿನ ಪಾಚಿ ತೆಗೆಯುವ ಸೂಜಿಯಲ್ಲಿ ಒಂದು ಕಾಳಿನಷ್ಟು ತೆಗೆದು ನನ್ನ ಬೆರಳಿಗೆ ಹಾಕಿದರು. ಹಿಸುಕಿದೆ. ನವಿರಾದ ಬೂದಿ, ಮೂಗಿಗೆ ಹಿಡಿದರೆ ಎಲ್ಲೋ ದೂರದಲ್ಲಿ ಗಂಧ. ನಾನು ಕಾಸಿನ ಬೆನ್ನು ಎಂದುಕೊಂಡಿದ್ದದ್ದು ಕಾಸೇ ಅಲ್ಲ. ಎಷ್ಟೋ ತಲೆಮಾರಿನ ಹೆಂಗಸರು ಇಟ್ಟ ವಿಭೂತಿ, ಗಂಧ, ದೀಪದ ಜಿಡ್ಡು, ಎಲ್ಲ ಹೆಪ್ಪುಗಟ್ಟಿ ಆದ ಬೆಲ್ಲ ಅದು. ನಾನು ದಿನಾ ಕೈಮುಗಿದದ್ದರಲ್ಲಿ ಅರ್ಧ ತಾಮ್ರ, ಅರ್ಧ ಕೈಮುಗಿತವೇ.

ಹಾಗಾದರೆ ಮಂಗಳ ಬದಲಾಯಿಸಿಲ್ಲ. ತೊಳೆದಿದ್ದಾಳೆ, ಅಷ್ಟೇ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಆದರೂ ನನಗೆ ಕೂರಲು ಆಗಲಿಲ್ಲ. ಇಷ್ಟು ದಿನ ಅವಳ ಫೋನು ಬಂದಾಗಲೆಲ್ಲ ಒಲೆಯ ಮೇಲೆ ಸಾರಿದೆ ಎಂದು ಇಟ್ಟುಬಿಟ್ಟಿದ್ದೆ. ಅಷ್ಟು ಸಾರು ಮಠದ ದಾಸೋಹದಲ್ಲೂ ಕುದಿಯುವುದಿಲ್ಲ. ಆದರೂ ಒಂದು ಮುಳ್ಳು ಉಳಿದಿತ್ತು. ದೇವರು ಕೂತಿರೋ ಜಾಗವನ್ನು ಮುಟ್ಟಬಾರದು ಎಂದು ಅವಳಿಗೂ ಗೊತ್ತು. ಏಕೆ ತೊಳೆದಳು?

ಗೌರಿ ಹಬ್ಬದ ಹಿಂದಿನ ದಿನವೇ ಅವಳು ಬಂದಳು. ಹಬ್ಬದ ಬೆಳಗ್ಗೆ ಅಡುಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಕಡುಬಿಗೆ ಕಾಯಿ ತುರಿಯುತ್ತಿದ್ದಳು. ನಾನು ಕಾಸು ತಂದು, ಬಟ್ಟಲಲ್ಲಿ ಬರೀ ನೀರಿಟ್ಟುಕೊಂಡು ಕೂತೆ. ಅವಳ ಕಣ್ಣು ಬಟ್ಟಲಿಗೆ ಬಿತ್ತು.

"ಅಕ್ಕ, ಹುಣಸೆಹಣ್ಣು ಎಲ್ಲಿ?"

"ಬ್ಯಾಡವಂತೆ ಕಣೇ" ಎಂದು ಡಾಕ್ಟರ ಕತೆಯನ್ನೆಲ್ಲ ಹೇಳಿದೆ. 'ಸುಮ್ಮನೆ ತೋರಿಸೋಕೆ ಹೋಗಿದ್ದೆ' ಎಂದೇ ಶುರುಮಾಡಿದೆ. ಇಡ್ಲಿ, ರೊಟ್ಟಿ, ಗೆರೆ, ಅತ್ತೆಯ ಎಡಗೈ. ಕೇಳುತ್ತ ಕೇಳುತ್ತ ತುರಿಯುವ ಸದ್ದು ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

"ಅಕ್ಕ, ಒಂದ್ ಮಾತು ಹೇಳ್ತೀನಿ, ಬೈಬ್ಯಾಡ."

"ಹೇಳು."

"ಹೋದ್ ವರ್ಷ ಅದರ ಬೆನ್ನು ನಾನೇ ಉಜ್ಜಿದ್ದು. ಫೋನ್‌ನಾಗೆ ತೋರಿಸಿದ ಕಾಸಿಗೆಲ್ಲ ಹಿಂದೆ ಅಕ್ಷರ ಇತ್ತು. ಅತ್ತೆನೂ ಒಂದ್ ಸಲ ಹೇಳಿದ್ರು, ಹಿಂದ್ಗಡೆ ಬರೆದೈತೆ ಅಂತ. ಅಲ್ಲೀಗಂಟ ನಾನು ತಿರುಗಿಸೇ ನೋಡಿರ್ಲಿಲ್ಲ. ನೀನು ಕೊಟ್ಟಿದ್ದ ನೋಡಿದ್ರೆ ಬೋಳು. ನಂಗೆ..." ಅವಳು ತುರಿಯನ್ನು ಬೆರಳಲ್ಲಿ ಸುಮ್ಮನೆ ಕೂಡಿಸಿದಳು. "ಅಕ್ಕ ಬದಲಾಯಿಸಿಬುಟ್ಟಿದಾಳೇನೋ ಅನ್ನಿಸ್ತು. ಅದ್ಕೇ ಉಜ್ಜಿ ನೋಡ್ದೆ. ಅಕ್ಷರ ಬಂತು. ಅವತ್ತೇ ಸಿದ್ಧರಾಮೇಶ್ವರನಿಗೆ ತಪ್ಪಾಯ್ತು ಅಂತ ಒಂದು ಕಾಯಿ ಒಡೆದೆ. ನಿನ್ ಮುಖ ನೋಡಿ ಹೇಳೋಕೆ ಧೈರ್ಯ ಬರ್ಲಿಲ್ಲ."

ಅತ್ತೆ ನನಗೆ ಹೇಳದ್ದನ್ನು ಇವಳಿಗೆ ಹೇಳಿದ್ದರು ಎಂದು ಮೊದಲು ಒಂದು ಚೂರು ಹೊಟ್ಟೆಯುರಿ. ಆಮೇಲೆ ನಗು. ತಡೆಯಲಾಗದ ನಗು. ಅವಳು ಗಾಬರಿಯಾಗಿ ನೋಡಿದಳು.

"ನಾನೂ ಕಣೇ. ಈ ಅಕ್ಷರ ನೋಡಿ, ಮಂಗಳ ಬದಲಾಯಿಸಿಬುಟ್ಟಳು ಅಂತ ನಾನೂ ಶ್ರಾವಣವೆಲ್ಲ ಕೂತಿದ್ದೆ. ಸಾರು ಕುದೀತೈತೆ ಅಂತಿದ್ನಲ್ಲ, ಒಂದೂ ಕುದೀತಿರ್ಲಿಲ್ಲ."

"ನಂಗೊತ್ತಿತ್ತು ಬುಡು" ಎಂದಳು ಅವಳು. "ಬೆಳಗ್ಗೆ ಆರಕ್ಕೆ ಯಾರ್ ಸಾರು ಇಡ್ತಾರೆ."

ನಮ್ಮ ನಗು ನಡುಮನೆಗೆ ಕೇಳಿಸಿರಬೇಕು. ನಮ್ಮನೆಯವರು ಅಲ್ಲಿಂದಲೇ ಕೂಗಿದರು. "ಏನೇ ಅದು, ಕಾಸು ಅಸಲಿನೋ ನಕಲಿನೋ ಕೊನೆಗೆ?"

ಮಂಗಳ ಈಳಿಗೆಮಣೆಯ ಮೇಲಿಂದಲೇ ಉತ್ತರ ಕೊಟ್ಟಳು. "ಕಾಸು ರೊಟ್ಟಿ ಭಾವ. ನಾವಿಬ್ಬರೇ ಇಡ್ಲಿ."

ಅವರಿಗೆ ಅರ್ಥವಾಗಲಿಲ್ಲ. ತಿಂಡಿಗೆ ಇನ್ನೂ ಹೊತ್ತಿದೆ ಎಂದು ತಿಳಿದುಕೊಂಡು ಸುಮ್ಮನಾದರು.

ಮಂಗಳ ಕೈ ತೊಳೆದು ಬಂದು ನೀರು ಹೊಯ್ದಳು, ನಾನು ಹಿಡಿದೆ. ಕಾಲು ಕೆಳಗೆ, ಬೆನ್ನು ಮೇಲೆ. ಹುಳಿಯಿಲ್ಲ, ಬೂದಿಯಿಲ್ಲ. ಒರೆಸಿ, ಹಿಂದಕ್ಕೆ ತಿರುಗಿಸಿ, ದೇವರು ಕೂರುವ ಜಾಗಕ್ಕೆ ವಿಭೂತಿ ಹಚ್ಚಬೇಕಾಗಿತ್ತು. ವಿಭೂತಿ ತಟ್ಟೆಗೆ ನನ್ನ ಎಡಗೈ ಹೋಯಿತು. ಹೆಬ್ಬೆರಳಿನಲ್ಲಿ ಅಕ್ಷರಗಳ ಮೇಲೆ ಎಳೆದೆ, ಎಡದ ಮೇಲಿಂದ ಬಲದ ಕೆಳಗೆ. ಕೈ ತಡವರಿಸಿತು, ಗೆರೆ ಸೊಟ್ಟಗಾಯಿತು. ಮಂಗಳ ನೋಡಿದಳು. ತಾನೂ ಎಡಗೈ ಚಾಚಿ ನನ್ನ ಗೆರೆಯ ಪಕ್ಕ ಒಂದು ಎಳೆದಳು. ಅದೂ ಸೊಟ್ಟ.

ಆ ಬೆನ್ನು ಮತ್ತೆ ಹಳೇ ಬೆಲ್ಲದಷ್ಟು ಕಪ್ಪಾಗಬೇಕಾದರೆ ಇನ್ನೆಷ್ಟು ಗೌರಿ ಹಬ್ಬ ಬೇಕೋ, ನೋಡಲು ನಾವಿಬ್ಬರಂತೂ ಇರುವುದಿಲ್ಲ. ಅವಸರವೇನೂ ಇಲ್ಲ. ಆನೆ ನಿಂತೇ ಇದೆ.